ಖಿನ್ನತೆಗೆ ಮಾತ್ರೆ ಶುರು ಮಾಡಿದರೆ ಜೀವನಪೂರ್ತಿ ಬಿಡೋಕಾಗಲ್ವಾ?

ಹಾಗೇನಿಲ್ಲ. ಒಂದು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ, ಬೆಳಗಿನ ಜಾವ ಎದೆ ಡವಡವ ಅನ್ನುತ್ತೆ, ಯಾವುದರಲ್ಲೂ ಮನಸ್ಸಿಲ್ಲ ಅಂತ ಬರೆದಿದ್ದೀರಿ. ಇಂಥ ಸ್ಥಿತಿ 2 ವಾರ ದಾಟಿದರೆ ಡಾಕ್ಟರನ್ನು ನೋಡಲೇಬೇಕು. ಆತಂಕ, ಖಿನ್ನತೆ ಎರಡೂ ಒಟ್ಟಿಗೆ ಬರುವುದು ತುಂಬಾ ಸಾಮಾನ್ಯ. ಥೈರಾಯ್ಡ್ ತೊಂದರೆಯೂ ಹೀಗೇ ಕಾಣಿಸಬಹುದು, ರಕ್ತ ಪರೀಕ್ಷೆ ಮಾಡಿಸಿ.

ಈಗ ಮಾತ್ರೆ ವಿಷಯ. ಸಾಮಾನ್ಯವಾಗಿ ಕೊಡುವ ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್ ಚಟ ಹಿಡಿಸುವಂಥವಲ್ಲ. ಆದರೆ ಗುಣ ಕಾಣೋಕೆ 2ರಿಂದ 4 ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸುವುದು, ಚಡಪಡಿಕೆ ಜಾಸ್ತಿಯಾಗುವುದು ಉಂಟು. ತುಂಬಾ ಜನ ಅಲ್ಲೇ ಕೈಬಿಡುತ್ತಾರೆ, ನನಗೆ ಬೇಜಾರಾಗುವುದೇ ಅದಕ್ಕೆ. ಹುಷಾರಾದ ಮೇಲೂ ಕೆಲವು ತಿಂಗಳು ಮುಂದುವರಿಸಿ, ಡಾಕ್ಟರ್ ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಅಭ್ಯಾಸ ಹಿಡಿಸೋದು ಆತಂಕ, ನಿದ್ದೆಗೆ ಕೊಡುವ ಅಲ್ಪ್ರಜೋಲಮ್ ಥರದ ಮಾತ್ರೆ. ಅದನ್ನು ಮೆಡಿಕಲ್ ಸ್ಟೋರಲ್ಲಿ ಕೇಳಿ ಸುಮ್ನೆ ನುಂಗಬೇಡಿ.

ತೊಂದರೆ ಸೌಮ್ಯವಾಗಿದ್ದರೆ ಮಾತ್ರೆ ಇಲ್ಲದೆ ಕೌನ್ಸೆಲಿಂಗ್ ಒಂದೇ ಸಾಕಾಗಬಹುದು.

ಯಾರ ಹತ್ತಿರ ಹೇಳೋದು ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದರೆ ಮಾತ್ರ ಕಾಯಲೇಬೇಡಿ. ಮನೆಯವರಿಗೆ ಹೇಳಿ, ಆಗಲೇ ಆಸ್ಪತ್ರೆಗೆ ಹೋಗಿ.