ನೆಪ್ಚೂನ್ ಗ್ರಹ ಸಿಕ್ಕಿದ್ದು ಒಂದು ಕಾಗದದಿಂದ ಅಂತಾರೆ. ಅದು ಹೇಗೆ?

ಪ್ಯಾರಿಸ್‌ನ ಗಣಿತಜ್ಞ ಲೆವೆರಿಯೇ, ಹೊಸ ಗ್ರಹ ಆಕಾಶದಲ್ಲಿ ಎಲ್ಲಿರಬೇಕು ಅಂತ ಲೆಕ್ಕ ಹಾಕಿ ಬರ್ಲಿನ್ ವೀಕ್ಷಣಾಲಯದ ಗಾಲೆಗೆ ಕಾಗದ ಬರೆದರು. 1846ರ ಸೆಪ್ಟೆಂಬರ್ 18ರಂದು ಬರೆದದ್ದು 23ಕ್ಕೆ ತಲುಪಿತು. ಅದೇ ರಾತ್ರಿ ಗ್ರಹ ಸಿಕ್ಕಿತು.

ಯುರೇನಸ್ ಲೆಕ್ಕದ ಪ್ರಕಾರ ಚಲಿಸುತ್ತಿರಲಿಲ್ಲ. ಆಚೆಗಿನ ಯಾವುದೋ ಗ್ರಹ ಅದನ್ನು ಎಳೆಯುತ್ತಿರಬೇಕು ಅನ್ನೋದು ಲೆವೆರಿಯೇ ತರ್ಕ. ಆದರೆ ಪ್ಯಾರಿಸ್‌ನಲ್ಲಿ ಮನಸ್ಸಿಟ್ಟು ಹುಡುಕುವವರು ಸಿಗಲಿಲ್ಲ. ಗಾಲೆ ಹಿಂದಿನ ವರ್ಷವೇ ತಮ್ಮ ಪ್ರಬಂಧ ಕಳಿಸಿದ್ದರು, ಲೆವೆರಿಯೇ ಉತ್ತರ ಬರೆದಿರಲಿಲ್ಲ. ಈಗ ಅದನ್ನು ಮೆಚ್ಚಿ ಬರೆದು, ಜೊತೆಗೆ ಈ ಕೋರಿಕೆಯನ್ನೂ ಇಟ್ಟರು. ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾಗೋದು ಇದೇ.

ಕಾಗದ ಸರಿಯಾದ ಜಾಗಕ್ಕೇ ಹೋಗಿತ್ತು. ಅಷ್ಟು ದೂರದ ಗ್ರಹ ನಕ್ಷತ್ರದ ಹಾಗೇ ಒಂದು ಚುಕ್ಕಿಯಾಗಿ ಕಾಣುತ್ತೆ, ಅಲ್ವಾ? ಬರೀ ಟೆಲಿಸ್ಕೋಪ್ ಸಾಲದು, ಆ ಜಾಗದ ನಕ್ಷತ್ರಗಳ ನಕ್ಷೆ ಬೇಕು. ಆ ಭಾಗದ ಹೊಸ ನಕ್ಷೆ ಬರ್ಲಿನ್‌ನಲ್ಲಿ ಅಚ್ಚಾಗಿತ್ತು, ಇನ್ನೂ ಹೊರಗೆ ಹಂಚಿರಲಿಲ್ಲ. ಅದನ್ನು ನೋಡೋಣ ಅಂದದ್ದು ಡಾರೆಸ್ಟ್ ಎಂಬ ವಿದ್ಯಾರ್ಥಿ. ಗಾಲೆ ಟೆಲಿಸ್ಕೋಪ್‌ನಲ್ಲಿ ನೋಡುತ್ತಾ ಒಂದೊಂದೇ ಚುಕ್ಕಿಯ ಸ್ಥಾನ ಹೇಳುತ್ತಿದ್ದರು, ಡಾರೆಸ್ಟ್ ನಕ್ಷೆಯಲ್ಲಿ ಹುಡುಕುತ್ತಿದ್ದ. ಒಂದು ಚುಕ್ಕಿ ಮಾತ್ರ ನಕ್ಷೆಯಲ್ಲಿ ಇರಲಿಲ್ಲ! ಲೆವೆರಿಯೇ ಹೇಳಿದ ಜಾಗಕ್ಕೂ ಅದಕ್ಕೂ ಇದ್ದ ಅಂತರ ಒಂದು ಡಿಗ್ರಿಗಿಂತ ಕಡಿಮೆ, ಅಂದರೆ ಎರಡು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಟ್ಟಷ್ಟೂ ಇಲ್ಲ. ಮರುದಿನ ರಾತ್ರಿ ಆ ಚುಕ್ಕಿ ಸ್ವಲ್ಪ ಜರುಗಿತ್ತು.