ಚಿತ್ರದುರ್ಗದ ನೆಲದಡಿಯಿಂದ ಲಾವಾ ಮತ್ತೆ ಉಕ್ಕಬಹುದೇ?

ಉಕ್ಕುವ ಲಕ್ಷಣವೇನೂ ಇಲ್ಲ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ಕಾಣುವ ದಿಂಬಿನಾಕಾರದ ಲಾವಾ ಬಂಡೆಗಳು ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿ ತಣಿದವು. ಆ ಬಿಸಿ ಎಂದೋ ಆರಿದೆ.

ಬೆಳಗಾವಿ, ವಿಜಯಪುರದ ಕಡೆಯ ಕಪ್ಪು ಬಂಡೆಗಳು ತೀರಾ ಈಚಿನವು, ಸುಮಾರು 6.6 ಕೋಟಿ ವರ್ಷ ಹಳೆಯವು. ಆದರೆ ಅಲ್ಲಿಯೂ ಈಗ ಶಾಖವಿಲ್ಲ. ಒಲೆ ಹೆಚ್ಚುಕಡಿಮೆ ನಿಂತಲ್ಲೇ ಇತ್ತು, ಮೇಲಿನ ಕಾವಲಿ ಸರಿದುಹೋಯಿತು. (ದಾವಣಗೆರೆಯ ದೋಸೆ ಭಟ್ಟರು ಈ ಹೋಲಿಕೆಯನ್ನು ಒಪ್ಪಲಾರರು.)

ಭೂಮಿಯ ಹೊರಪದರದ ಕೆಳಗಿರುವ ಮ್ಯಾಂಟಲ್‌ನಿಂದ ಬಿಸಿ ಶಿಲೆಯ ಕಂಬವೊಂದು ಮೇಲೇರುತ್ತದೆ. ಇದೇ ಮ್ಯಾಂಟಲ್ ಪ್ಲೂಮ್, ಮೇಲೆ ಹೇಳಿದ ಒಲೆ. ಅದು ದ್ರವವೆಂದು ಅನೇಕರು ತಿಳಿದಿದ್ದಾರೆ, ಅಲ್ಲ. ಅತಿ ನಿಧಾನವಾಗಿ ಹರಿಯುವ ಗಟ್ಟಿ ಶಿಲೆ ಅದು. ಮೇಲೆ ಬಂದಂತೆ ಒತ್ತಡ ಇಳಿದು ಅದರ ಸ್ವಲ್ಪ ಭಾಗ ಕರಗುತ್ತದೆ, ಆ ಕರಗಿದ್ದೇ ಲಾವಾ ಆಗಿ ಹೊರಬರುತ್ತದೆ.

ಕಾವಲಿ ಎಂದರೆ ನಮ್ಮ ಭೂಫಲಕ, ಅಂದರೆ ನಾವು ನಿಂತಿರುವ ಹೊರಪದರದ ದೊಡ್ಡ ತುಂಡು. ಅದು ಈಗಲೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್‌ನಂತೆ ಈಶಾನ್ಯಕ್ಕೆ ಚಲಿಸುತ್ತಿದೆ. ದಖ್ಖನ್ ಹೀಗೆ ದೂರ ಸರಿದಂತೆ ಪ್ಲೂಮ್ ಸುಟ್ಟ ಗುರುತುಗಳು ಮಾಲ್ಡೀವ್ಸ್, ಚಾಗೋಸ್, ಮಾರಿಷಸ್ ಎಂದು ಸಾಲಾಗಿ ಉಳಿದವು. ನಡುವೆ ಸಾಗರತಳದ ಬಿರುಕೊಂದು ಪ್ಲೂಮ್‌ನ ಮೇಲೆ ಹಾದುದರಿಂದ ಪ್ಲೂಮ್ ಈಗ ಆಫ್ರಿಕಾ ಫಲಕದ ಕೆಳಗಿದೆ. ಅಲ್ಲಿನ ರಿಯೂನಿಯನ್ ದ್ವೀಪದ ಜ್ವಾಲಾಮುಖಿ ಇಂದಿಗೂ ಆಗಾಗ ಲಾವಾ ಕಾರುತ್ತದೆ.