ಬಾಲ ಇದ್ದ ಹಾಗೇ ಇರಲಿ

ಎರಡು ತಿಂಗಳ ಡಾಬರ್‌ಮನ್ ಮರಿಯ ಬಾಲ ಕತ್ತರಿಸದಿದ್ದರೆ ಮುಂದೆ ಗಾಯವಾಗುತ್ತದೆ ಎಂದು ಮಾರಿದವರು ಹೆದರಿಸಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ದಯವಿಟ್ಟು ಕತ್ತರಿಸಬೇಡಿ. ಬಾಲವೆಂದರೆ ಬರೀ ಚರ್ಮ, ಕೂದಲಲ್ಲ. ಬೆನ್ನುಮೂಳೆಯೇ ಮುಂದುವರಿದು ಬಂದದ್ದು. ಒಳಗೆ ಸ್ನಾಯು, ನರ, ರಕ್ತನಾಳ ಎಲ್ಲವೂ ಇವೆ. ಹುಟ್ಟಿದ ಮೂರ್ನಾಲ್ಕು ದಿನಕ್ಕೆ ಕತ್ತರಿಸಿದರೆ ನೋವಾಗುವುದಿಲ್ಲ ಎನ್ನುವವರು ಆ ಮರಿಗಳ ಚೀರಾಟ ಕೇಳಿಲ್ಲವೇ? ನಿಮ್ಮ ಮರಿಯ ವಯಸ್ಸಿಗಂತೂ ಅದು ಅರಿವಳಿಕೆ ಕೊಟ್ಟು ಮಾಡಬೇಕಾದ ಶಸ್ತ್ರಚಿಕಿತ್ಸೆ.

ಗಾಯದ ಭಯಕ್ಕೆ ಲೆಕ್ಕವೇ ಉತ್ತರ. ಬ್ರಿಟನ್ನಿನಲ್ಲಿ 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದು ಬಾಲದ ಗಾಯ ತಪ್ಪಿಸಲು ಸುಮಾರು 500 ನಾಯಿಗಳ ಬಾಲ ಕತ್ತರಿಸಬೇಕಾಗುತ್ತದೆ. ಪೊದೆಗಳಲ್ಲಿ ನುಗ್ಗುವ ಬೇಟೆನಾಯಿಗಳಿಗೆ ಅಪಾಯ ಹೆಚ್ಚು, ನಿಜ. ನಿಮ್ಮದು ಮನೆಯಲ್ಲಿ ಬೆಳೆಯುವ ಮರಿಯಲ್ಲವೇ?

ನಾನು ಸಾಕಿದ ಡಾಬರ್‌ಮನ್‌ಗೆ ಪೂರ್ತಿ ಬಾಲವಿತ್ತು. ಅಪರಿಚಿತ ನಾಯಿ ಎದುರಾದರೆ ಮೊದಲು ಬಾಲ ಬಿಗಿಯುತ್ತಿತ್ತು. ಆಮೇಲೆ ನಿಧಾನವಾಗಿ ಸಡಿಲಗೊಂಡು ಎರಡು ಸಲ ಅತ್ತಿತ್ತ ಆಡುತ್ತಿತ್ತು. ಅಷ್ಟಕ್ಕೇ ಎದುರಿನ ನಾಯಿಯೂ ಮೈ ಸಡಿಲಿಸುತ್ತಿತ್ತು. ಮೋಟು ಬಾಲದಲ್ಲಿ ಇದನ್ನೆಲ್ಲ ಹೇಳುವುದು ಹೇಗೆ?

ಮುಂದೆಂದಾದರೂ ಗಾಯ ವಾಸಿಯಾಗದೆ ಪಶುವೈದ್ಯರೇ ಬಾಲ ತೆಗೆಯಬೇಕೆಂದರೆ ಅದು ಚಿಕಿತ್ಸೆ, ಆಗ ಹಿಂಜರಿಯಬೇಡಿ.